ಏಳು ಅಕ್ಷರ, ಹತ್ತಾರು ಪದ: ಸ್ಪೆಲಿಂಗ್ ಬೀ ಬಿಡಿಸುವ ಬಗೆ

ದಿನಾ ಪದ ಹುಡುಕುವ ಆಟ ಆಡುವವರೆಲ್ಲ ಒಂದಲ್ಲ ಒಂದು ದಿನ ಹೇಳುವ ಮಾತಿದು: ‘ಛೇ, ಈ ಪದ ನನಗೆ ಗೊತ್ತಿತ್ತಲ್ಲ!’ ಮರುದಿನ ಉತ್ತರದ ಪಟ್ಟಿ ತೆರೆದರೆ, ಕೈತಪ್ಪಿದ ಪದಗಳಲ್ಲಿ ನಿಜಕ್ಕೂ ಗೊತ್ತಿಲ್ಲದವು ಬೆರಳೆಣಿಕೆಯಷ್ಟು. ಉಳಿದವೆಲ್ಲ ಶಾಲೆಯ ದಿನಗಳಿಂದ ಪರಿಚಯ ಇರುವವೇ. ಹಾಗಾಗಿ ಈ ಆಟದಲ್ಲಿ ಮುಂದೆ ಬರಲು ಡಿಕ್ಷನರಿ ಉರು ಹೊಡೆಯಬೇಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪದ ತಲೆಯಲ್ಲೇ ಇದೆ. ಅದನ್ನು ಹೊರಗೆ ತರುವಂಥ ಪ್ರಶ್ನೆಯನ್ನು ನಾವು ಕೇಳಿರುವುದಿಲ್ಲ, ಅಷ್ಟೆ. ಯಾವ ಪ್ರಶ್ನೆ ಕೇಳಬೇಕು, ಯಾವುದನ್ನು ಮೊದಲು ಕೇಳಬೇಕು, ಕೆಲವು ಪದ ಕಣ್ಣೆದುರಿಗಿದ್ದರೂ ಯಾಕೆ ಕಾಣುವುದಿಲ್ಲ, ಇದನ್ನೆಲ್ಲ ಒಂದು ಉದಾಹರಣೆ ಇಟ್ಟುಕೊಂಡು ನಿಧಾನವಾಗಿ ನೋಡೋಣ.

ನಾನು ಇಲ್ಲಿ ಹೇಳುತ್ತಿರುವುದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ‘ಸ್ಪೆಲಿಂಗ್ ಬೀ’ ಆಟದ ಬಗ್ಗೆ. ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಬರುವ ‘ಪಾಲಿಗನ್’ ಎಂಬ ಆಟ ಇದಕ್ಕೆ ಮೂಲ. ಅದೇ ಬಗೆಯದೊಂದು ಬೇಕು ಎಂದು ಪದಬಂಧ ಸಂಪಾದಕ ವಿಲ್ ಶಾರ್ಟ್ಜ್ ಹೇಳಿ, ಫ್ರಾಂಕ್ ಲಾಂಗೊ ಅದನ್ನು ರೂಪಿಸಿದರು. 2014ರಲ್ಲಿ ಪತ್ರಿಕೆಯ ವಾರದ ಪುರವಣಿಯಲ್ಲಿ ಶುರುವಾಯಿತು. 2018ರ ಮೇ ತಿಂಗಳಲ್ಲಿ ಆನ್‌ಲೈನ್‌ಗೆ ಬಂದು ದಿನಕ್ಕೊಂದರಂತೆ ಸಿಗತೊಡಗಿತು. ಆನ್‌ಲೈನ್ ಆಟದ ಸಂಪಾದಕ ಸ್ಯಾಮ್ ಎಜರ್ಸ್ಕಿ.

ನಿಯಮಗಳು ಸುಲಭ. ಜೇನುಗೂಡಿನ ಹಾಗೆ ಜೋಡಿಸಿದ ಏಳು ಇಂಗ್ಲಿಷ್ ಅಕ್ಷರ ಕೊಡುತ್ತಾರೆ. ನಡುವೆ ಒಂದು, ಸುತ್ತ ಆರು. ಪ್ರತಿ ಪದದಲ್ಲೂ ನಡುವಿನ ಅಕ್ಷರ ಇರಲೇಬೇಕು. ಪದಕ್ಕೆ ಕನಿಷ್ಠ ನಾಲ್ಕು ಅಕ್ಷರ ಬೇಕು. ಒಂದೇ ಅಕ್ಷರವನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ಊರು, ದೇಶ, ವ್ಯಕ್ತಿಗಳ ಹೆಸರು ನಡೆಯುವುದಿಲ್ಲ. ನಡುವೆ ಅಡ್ಡಗೆರೆ ಹಾಕಿ ಬರೆಯುವ ಪದಗಳೂ ಇಲ್ಲ. ಏಳೂ ಅಕ್ಷರ ಬರುವ ಪದಕ್ಕೆ ಪ್ಯಾಂಗ್ರಾಮ್ ಅನ್ನುತ್ತಾರೆ. ಅಂಥ ಪದ ದಿನಾ ಒಂದಾದರೂ ಇದ್ದೇ ಇರುತ್ತದೆ.

ಅಂಕಗಳ ಲೆಕ್ಕವನ್ನು ಮಾತ್ರ ಸ್ವಲ್ಪ ಗಮನವಿಟ್ಟು ನೋಡಿ. ನಾಲ್ಕಕ್ಷರದ ಪದಕ್ಕೆ 1 ಅಂಕ. ಐದಕ್ಷರಕ್ಕೆ ಬಂದ ಕೂಡಲೇ 5 ಅಂಕ. ಅಲ್ಲಿಂದ ಮುಂದೆ ಅಕ್ಷರಕ್ಕೊಂದು ಅಂಕ. ಪ್ಯಾಂಗ್ರಾಮ್ ಆದರೆ ಮೇಲೆ ಇನ್ನೂ 7. ಅಂದರೆ ಏಳಕ್ಷರದ ಒಂದು ಪ್ಯಾಂಗ್ರಾಮ್‌ಗೆ 14 ಅಂಕ, ಹದಿನಾಲ್ಕು ಪುಟ್ಟ ಪದಗಳಿಗೆ ಸಮ. ಆ ದಿನದ ಒಟ್ಟು ಅಂಕಗಳಲ್ಲಿ 70 ಶೇಕಡಾ ಮುಟ್ಟಿದರೆ ‘ಜೀನಿಯಸ್’ ಪಟ್ಟ. ಒಂದೂ ಬಿಡದೆ ಎಲ್ಲ ಪದ ಹುಡುಕಿದರೆ ‘ಕ್ವೀನ್ ಬೀ’. ಈ ಎರಡು ಗುರಿಗೆ ದಾರಿ ಒಂದೇ ಅಲ್ಲ. ಜೀನಿಯಸ್ ಸಾಕು ಅನ್ನುವವರು ಉದ್ದದ ಪದಗಳ ಹಿಂದೆ ಬೀಳಬೇಕು. ನಾಲ್ಕಕ್ಷರದವುಗಳ ಮೇಲೆ ಅರ್ಧ ಗಂಟೆ ಕಳೆದರೆ ಸಿಗುವುದು ಚಿಲ್ಲರೆ ಅಂಕ.

ಒಂದು ಗೂಡು, ಹತ್ತಿರದಿಂದ

ಈ ಲೇಖನಕ್ಕೆಂದೇ ಒಂದು ಗೂಡು ಕಟ್ಟಿದ್ದೇನೆ. ನಡುವೆ ಡಿ. ಸುತ್ತ ಎ, ಇ, ಜಿ, ಐ, ಎನ್, ಆರ್. ಸಾಮಾನ್ಯವಾಗಿ ಸಿಗುವ ಗೂಡಿಗಿಂತ ಇದರಲ್ಲಿ ಪದ ಜಾಸ್ತಿ ಇವೆ. ತಂತ್ರಗಳನ್ನು ತೋರಿಸಲು ಅದೇ ಅನುಕೂಲ. ಮುಂದೆ ಓದುವ ಮೊದಲು ಒಂದೆರಡು ನಿಮಿಷ ನೀವೇ ಪ್ರಯತ್ನಿಸಿ ನೋಡಿ.

ಹೆಚ್ಚಿನವರಿಗೆ ಮೊದಲು ಹೊಳೆಯುವುದು ‘ಡೇರ್’, ‘ಡಿಯರ್’, ‘ಡೈನ್’, ‘ಡ್ರೈನ್’, ‘ಡೇಂಜರ್’ ಥರದವು. ಗಮನಿಸಿದಿರಾ? ಎಲ್ಲವೂ ಡಿ ಇಂದ ಶುರುವಾಗುತ್ತವೆ. ಇದು ಕಾಕತಾಳೀಯ ಅಲ್ಲ. ನಮ್ಮ ನೆನಪಿನಲ್ಲಿ ಪದಗಳನ್ನು ಮೊದಲ ಅಕ್ಷರದಿಂದ ಹುಡುಕುವುದು ಸುಲಭ, ನಡುವಿನ ಅಕ್ಷರದಿಂದ ಹುಡುಕುವುದು ಕಷ್ಟ. ಅಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ಕೆ, ಎಲ್, ಎನ್, ಆರ್, ವಿ ಈ ಐದು ಅಕ್ಷರಗಳು ಇಂಗ್ಲಿಷ್ ಪದಗಳಲ್ಲಿ ಮೊದಲನೆಯ ಜಾಗಕ್ಕಿಂತ ಮೂರನೆಯ ಜಾಗದಲ್ಲೇ ಜಾಸ್ತಿ ಬರುತ್ತವೆ. ಆದರೆ ಕೇಳಿದಾಗ ಹೆಚ್ಚಿನ ಜನ ‘ಮೊದಲ ಜಾಗದಲ್ಲೇ ಜಾಸ್ತಿ’ ಅಂದರು. ಆರ್ ಇಂದ ಶುರುವಾಗುವ ಪದಗಳು ಥಟ್ಟನೆ ನೆನಪಿಗೆ ಬರುತ್ತವೆ. ಥಟ್ಟನೆ ಬಂದದ್ದನ್ನೇ ನಾವು ಹೆಚ್ಚು ಅಂದುಕೊಳ್ಳುತ್ತೇವೆ.

ಪದದಾಟಕ್ಕೆ ಇದರಿಂದ ಸಿಗುವ ಪಾಠ ನೇರವಾಗಿದೆ. ನಡುವಿನ ಅಕ್ಷರವನ್ನು ಬೇರೆ ಬೇರೆ ಜಾಗದಲ್ಲಿ ಕೂರಿಸಿ ನೋಡಬೇಕು. ಡಿ ಎರಡನೆಯ ಜಾಗದಲ್ಲಿದ್ದರೆ? ‘ಐಡಿಯಾ’, ‘ಎಡ್ಜ್’, ‘ಆ್ಯಡೆಡ್’. ಮೂರನೆಯ ಜಾಗದಲ್ಲಿ? ‘ರೈಡ್’, ‘ಏಡ್’ ಅಂದರೆ ಸಹಾಯಕ, ‘ರಿಡ್ಜ್’, ‘ಇಂಡೀಡ್’. ಕೊನೆಯಲ್ಲಿ? ‘ರೀಡ್’, ‘ರೇಡ್’, ‘ಗ್ರಿಡ್’, ‘ನೀಡ್’, ‘ನರ್ಡ್’. ಇದೇ ಅಕ್ಷರಗಳು, ಇದೇ ತಲೆ. ಡಿ ಕೂತ ಜಾಗ ಬದಲಾದ ಕೂಡಲೇ ಬೇರೆಯೇ ಪದಗಳು ಸಾಲಾಗಿ ಬರುತ್ತವೆ. ನನ್ನ ಮಟ್ಟಿಗೆ ಇಡೀ ಆಟದಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡುವ ಉಪಾಯ ಇದೇ.

ಬಾಲಗಳನ್ನು ಮೊದಲು ಹಿಡಿಯಿರಿ

ಹೊಸ ಗೂಡು ಕಂಡ ತಕ್ಷಣ ಪದ ಹುಡುಕಲು ಹೋಗಬೇಡಿ. ಮೊದಲು ಪದದ ಬಾಲಗಳು ಯಾವುವು ಸಿಗುತ್ತವೆ ನೋಡಿ. ಸ್ಪೆಲಿಂಗ್ ಬೀಯಲ್ಲಿ ಎಸ್ ಅಕ್ಷರ ಕೊಡುವುದಿಲ್ಲ. ಕೊಟ್ಟರೆ ಪ್ರತಿ ನಾಮಪದಕ್ಕೂ ಒಂದು ಬಹುವಚನ ಸೇರಿ ಪಟ್ಟಿ ಸುಮ್ನೆ ಬೆಳೆಯುತ್ತದೆ. ಎಸ್ ಇಲ್ಲದ ಕಾರಣ ಉಳಿದ ಬಾಲಗಳ ಬೆಲೆ ಜಾಸ್ತಿ. ಇ-ಡಿ, ಐ-ಎನ್-ಜಿ, ಇ-ಆರ್ ಇವು ಮೂರು ರಾಜರು. ಆಮೇಲೆ ಟಿ-ಐ-ಒ-ಎನ್, ಎ-ಎಲ್, ಐ-ಸಿ, ಎಲ್-ವೈ, ಐ-ಟಿ-ವೈ, ಎ-ಜಿ-ಇ, ಎ-ಬಿ-ಎಲ್-ಇ.

ನಮ್ಮ ಗೂಡಿನಲ್ಲಿ ಮೂವರು ರಾಜರೂ ಇದ್ದಾರೆ, ಜೊತೆಗೆ ಎ-ಜಿ-ಇ ಕೂಡ ಇದೆ. ಈಗ ಒಂದು ಸಾಧಾರಣ ಪದ ಹಿಡಿಯೋಣ: ‘ಗ್ರೇಡ್’. ಅದರಿಂದ ‘ಗ್ರೇಡೆಡ್’, ‘ಗ್ರೇಡರ್’, ‘ಗ್ರೇಡಿಂಗ್’. ಮುಂದೆ ಡಿ-ಇ ಸೇರಿಸಿದರೆ ‘ಡಿಗ್ರೇಡ್’, ‘ಡಿಗ್ರೇಡೆಡ್’, ‘ಡಿಗ್ರೇಡಿಂಗ್’. ಕೊನೆಯದರಲ್ಲಿ ಏಳೂ ಅಕ್ಷರ ಬಂದವು, ಪ್ಯಾಂಗ್ರಾಮ್! ಅಂಕ ಕೂಡಿಸಿ: 5, 6, 6, 7, 7, 8, ಆಮೇಲೆ 9ಕ್ಕೆ 7 ಸೇರಿ 16. ಒಟ್ಟು 55. ಒಂದು ಪದದ ಬೇರಿನಿಂದ 55 ಅಂಕ. ‘ಡೇಂಜರ್’ ಹಿಡಿದರೆ ‘ಎಂಡೇಂಜರ್’, ‘ಎಂಡೇಂಜರ್ಡ್’, ‘ಎಂಡೇಂಜರಿಂಗ್’ ಎಂದು ಇನ್ನೊಂದು ಸಾಲು. ಅದರ ಕೊನೆಯ ಪದ ಹನ್ನೊಂದು ಅಕ್ಷರದ ಪ್ಯಾಂಗ್ರಾಮ್, 18 ಅಂಕ.

ಆದ್ದರಿಂದ ಒಂದು ಪದ ಸಿಕ್ಕಿದ ಕೂಡಲೇ ಮುಂದಿನದಕ್ಕೆ ಓಡಬೇಡಿ. ಅಲ್ಲೇ ನಿಲ್ಲಿ. ಇದಕ್ಕೆ ಹಿಂದೆ ಏನು ಅಂಟುತ್ತದೆ, ಮುಂದೆ ಏನು ಅಂಟುತ್ತದೆ ಕೇಳಿ. ಸಿಕ್ಕ ಪದದ ಸಂಸಾರವನ್ನೆಲ್ಲ ಮುಗಿಸಿ ಆಮೇಲೆ ಹೊಸ ಬೇರಿಗೆ ಹೋಗಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬಹಳ ಜನ ಇದನ್ನು ಗಮನಿಸುವುದಿಲ್ಲ. ನಡುವಿನ ಅಕ್ಷರ ಇಲ್ಲದ ಪದ ಹೊಳೆದರೆ ನಾವು ‘ಇದು ಆಗಲ್ಲ’ ಎಂದು ತಕ್ಷಣ ಎಸೆದುಬಿಡುತ್ತೇವೆ. ‘ಗೇನ್’ ಹೊಳೆಯಿತು, ಡಿ ಇಲ್ಲ, ಬಿಟ್ಟೆವು. ‘ಅರ್ನ್’ ಬಿಟ್ಟೆವು. ‘ಅಗ್ರೀ’, ‘ಎಂಗೇಜ್’, ‘ರಿಂಗ್’, ‘ಆ್ಯಂಗರ್’ ಎಲ್ಲ ಬಿಟ್ಟೆವು. ಆದರೆ ನಡುವಿನ ಅಕ್ಷರ ಬಾಲದಲ್ಲೇ ಇದೆಯಲ್ಲ! ಇ-ಡಿ ಅಂಟಿಸಿದರೆ ‘ಗೇನ್ಡ್’, ‘ಅರ್ನ್ಡ್’, ‘ಅಗ್ರೀಡ್’, ‘ಎಂಗೇಜ್ಡ್’, ‘ರಿಂಗ್ಡ್’, ‘ಆ್ಯಂಗರ್ಡ್’ ಎಲ್ಲವೂ ನಿಯಮಕ್ಕೆ ಸರಿಹೊಂದುತ್ತವೆ. ಮೂರಕ್ಷರದ ‘ಏಜ್’ ಕೂಡ ‘ಏಜ್ಡ್’ ಆಗಿ ಒಳಗೆ ಬರುತ್ತದೆ. ನಡುವಿನ ಅಕ್ಷರ ಡಿ, ಜಿ ಅಥವಾ ಆರ್ ಆಗಿದ್ದು ಅದು ಬಾಲದ ಭಾಗವಾಗಿದ್ದರೆ, ಆ ದಿನ ಹುಡುಕಾಟದ ಕ್ರಮವನ್ನೇ ತಿರುಗಿಸಿ. ಮೊದಲು ಸುತ್ತಿನ ಆರು ಅಕ್ಷರಗಳಲ್ಲೇ ಕ್ರಿಯಾಪದಗಳನ್ನು ಹುಡುಕಿ, ಆಮೇಲೆ ಬಾಲ ಅಂಟಿಸಿ.

ಪ್ಯಾಂಗ್ರಾಮ್ ಹಿಡಿಯುವುದು

ಪ್ಯಾಂಗ್ರಾಮ್ ಅದೃಷ್ಟದಿಂದ ಹೊಳೆಯುತ್ತದೆ ಎಂದು ಕಾಯುವವರು ಬಹಳ. ಕೆಲವು ಸಲ ಹಾಗೆ ಹೊಳೆಯುವುದೂ ಹೌದು. ಆದರೆ ಲೆಕ್ಕ ಹಾಕಿ ಹಿಡಿಯುವುದು ಇನ್ನೂ ಖಚಿತ.

ಮಾಡಬೇಕಾದ್ದು ಇಷ್ಟೆ. ಬಾಲವನ್ನು ಒಂದು ಕಡೆ ಎತ್ತಿಡಿ. ಉಳಿದ ಅಕ್ಷರಗಳಲ್ಲಿ ಪದ ಆಗುತ್ತದಾ ನೋಡಿ. ನಮ್ಮ ಗೂಡಿನಿಂದ ಐ-ಎನ್-ಜಿ ತೆಗೆದರೆ ಉಳಿಯುವುದು ಡಿ, ಆರ್, ಎ, ಇ. ಏಳು ಅಕ್ಷರದ ದೊಡ್ಡ ಸಮಸ್ಯೆ ಈಗ ನಾಲ್ಕಕ್ಷರದ ಸಣ್ಣ ಸಮಸ್ಯೆ. ಆ ನಾಲ್ಕರಲ್ಲಿ ‘ರೀಡ್’ ಕಾಣಲು ಎಷ್ಟು ಹೊತ್ತು ಬೇಕು? ‘ರೀಡ್’ಗೆ ಬಾಲ ಸೇರಿದರೆ ‘ರೀಡಿಂಗ್’. ಏಳು ಅಕ್ಷರ, ಒಂದೊಂದೂ ಒಂದೇ ಸಲ. ಇಂಥದ್ದನ್ನು ಆಟಗಾರರು ‘ಪರ್ಫೆಕ್ಟ್ ಪ್ಯಾಂಗ್ರಾಮ್’ ಅನ್ನುತ್ತಾರೆ. ಅದೇ ನಾಲ್ಕಕ್ಷರದಲ್ಲಿ ‘ಡೇರ್’ ಕೂಡ ಇದೆ, ಆದರೆ ಅದಕ್ಕೆ ಐ-ಎನ್-ಜಿ ಸೇರಿಸುವಾಗ ಕೊನೆಯ ಇ ಬಿದ್ದುಹೋಗಿ ‘ಡೇರಿಂಗ್’ ಆಗುತ್ತದೆ. ಅದು ಪದ ಹೌದು, ಪ್ಯಾಂಗ್ರಾಮ್ ಅಲ್ಲ.

ಈಗ ಎ-ಜಿ-ಇ ಎತ್ತಿಡಿ. ಉಳಿದದ್ದು ಡಿ, ಐ, ಎನ್, ಆರ್. ಇವಿಷ್ಟರಲ್ಲೇ ಎ-ಜಿ-ಇ ಅಂಟುವಂಥ ಪದ ಸಿಗುವುದಿಲ್ಲ. ಆದರೆ ಅಕ್ಷರಗಳನ್ನು ಮತ್ತೆ ಬಳಸಬಹುದು, ನೆನಪಿದೆ ಅಲ್ವಾ? ಒಂದು ಎ ಸಾಲ ತಂದರೆ ‘ಡ್ರೈನ್’. ‘ಡ್ರೈನ್’ಗೆ ಎ-ಜಿ-ಇ ಸೇರಿದರೆ ‘ಡ್ರೈನೇಜ್’. ಹಾಗೆಯೇ ತಲೆಯ ಕಡೆಯಿಂದ ಆರ್-ಇ ಎತ್ತಿಟ್ಟು ‘ಗೇನ್ಡ್’ ಕಂಡರೆ ‘ರಿಗೇನ್ಡ್’. ‘ಗಾರ್ಡನ್’ನಲ್ಲಿ ಆರು ಅಕ್ಷರ ಆಗಲೇ ಬಂದಿವೆ, ಐ ಒಂದು ಬಾಕಿ. ‘ಗಾರ್ಡನಿಂಗ್’ ಅಂದರೆ ಮುಗಿಯಿತು. ಹೀಗೆ ‘ಯಾವ ಅಕ್ಷರ ಬಾಕಿ ಉಳಿದಿದೆ?’ ಎಂದು ಕೇಳುವುದೂ ಒಳ್ಳೆಯ ಪ್ರಶ್ನೆ. ಐದಾರು ಅಕ್ಷರ ಬಳಸಿದ ಉದ್ದದ ಪದ ಸಿಕ್ಕಾಗಲೆಲ್ಲ ಬಾಕಿ ಅಕ್ಷರ ಯಾವುದು, ಅದು ಎಲ್ಲಿ ತೂರಬಹುದು ನೋಡಿ.

ಗೂಡಿನಲ್ಲಿ ಜೆಡ್, ಎಕ್ಸ್, ಜೆ, ವಿ ಥರದ ಅಪರೂಪದ ಅಕ್ಷರ ಬಂದ ದಿನ ಹೊಸಬರು ಹೆದರುತ್ತಾರೆ. ಪ್ಯಾಂಗ್ರಾಮ್ ಮಟ್ಟಿಗೆ ಅದು ವರ. ಪ್ಯಾಂಗ್ರಾಮ್‌ನಲ್ಲಿ ಆ ಅಕ್ಷರ ಇರಲೇಬೇಕು. ಅಂಥ ಅಕ್ಷರವಿರುವ ಪದಗಳೇ ಕಡಿಮೆ. ಹಾಗಾಗಿ ಹುಡುಕಬೇಕಾದ ಜಾಗ ತಾನಾಗಿಯೇ ಚಿಕ್ಕದಾಗುತ್ತದೆ. ವಿ ಇದ್ದರೆ ಇನ್ನೂ ಒಂದು ಸುಳಿವು ಉಂಟು: ಇಂಗ್ಲಿಷಿನಲ್ಲಿ ಪದದ ಕೊನೆಯಲ್ಲಿ ವಿ ಬರುವುದು ತೀರಾ ಅಪರೂಪ, ಅದರ ಹಿಂದೆಯೇ ಒಂದು ಇ ಇರುತ್ತದೆ.

ಎರಡಕ್ಷರದ ಜರಡಿ

ಹೊಳೆದದ್ದೆಲ್ಲ ಬರೆದಾಯಿತು, ಬಾಲಗಳನ್ನೂ ಅಂಟಿಸಿಯಾಯಿತು, ಇನ್ನೂ ಪದಗಳು ಬಾಕಿ ಇವೆ. ಈಗ ಬೇಕಾದ್ದು ಶಿಸ್ತು. ಏಳು ಅಕ್ಷರಗಳಿಂದ ನಾಲ್ಕಕ್ಷರದ ಜೋಡಣೆಗಳು ಒಟ್ಟು 2401. ಅದರಲ್ಲಿ ನಡುವಿನ ಅಕ್ಷರ ಇಲ್ಲದ 1296 ಕಳೆದರೆ ಉಳಿಯುವುದು 1105. ಐದಕ್ಷರಕ್ಕೆ ಹೋದರೆ ಇದೇ ಲೆಕ್ಕ 9031ಕ್ಕೆ ಏರುತ್ತದೆ. ಒಂದೊಂದನ್ನೇ ನೋಡುತ್ತಾ ಕೂರಲು ಯಾರಿಂದಲೂ ಆಗದು. ಆದರೆ ಪದದ ಮೊದಲ ಎರಡು ಅಕ್ಷರಗಳನ್ನಷ್ಟೇ ತೆಗೆದುಕೊಂಡರೆ ಸಾಧ್ಯವಿರುವ ಜೋಡಿಗಳು ಬರೀ 49. ಅದರಲ್ಲೂ ಬಹಳಷ್ಟನ್ನು ನೋಡಿದ ಕೂಡಲೇ ಹೊಡೆದುಹಾಕಬಹುದು. ನಮ್ಮ ಗೂಡಿನಲ್ಲಿ ವ್ಯಂಜನಗಳು ನಾಲ್ಕು: ಡಿ, ಜಿ, ಎನ್, ಆರ್. ಇವುಗಳ ಜೋಡಿಗಳು 16. ಸಾಮಾನ್ಯ ಇಂಗ್ಲಿಷ್ ಪದ ಶುರುವಾಗುವುದು ಅದರಲ್ಲಿ ಮೂರರಿಂದ ಮಾತ್ರ: ಡಿ-ಆರ್, ಜಿ-ಆರ್, ಜಿ-ಎನ್. ಹದಿಮೂರು ಜೋಡಿ ಒಂದೇ ಏಟಿಗೆ ಹೋದವು.

ಉಳಿದ ಜೋಡಿಗಳನ್ನು ಒಂದೊಂದಾಗಿ ಬಾಯಲ್ಲಿ ಹೇಳಿಕೊಳ್ಳುತ್ತಾ ಹೋಗಿ. ಐ-ಎನ್... ‘ಇಂಡೀಡ್’, ‘ಇನ್‌ಗ್ರೇನ್ಡ್’. ಇ-ಎನ್... ‘ಎಂಡಿಂಗ್’, ‘ಎಂಗೇಜ್ಡ್’, ‘ಎನ್‌ರೇಜ್ಡ್’. ಎನ್-ಎ... ‘ನ್ಯಾಗ್ಡ್’, ‘ನೇಡಿರ್’. ಪ್ರತಿ ಜೋಡಿಗೂ ಐದಾರು ಸೆಕೆಂಡು ಕೊಟ್ಟರೆ ಸಾಕು. ಇಡೀ ಸುತ್ತು ನಾಲ್ಕೈದು ನಿಮಿಷದಲ್ಲಿ ಮುಗಿಯುತ್ತದೆ. ಬೇಸರದ ಕೆಲಸದ ಹಾಗೆ ಕಾಣಬಹುದು. ಆದರೆ ಹೀಗೆ ಜರಡಿ ಹಿಡಿದಾಗ ಬರುವ ಪದಗಳು ಸುಮ್ನೆ ಗೂಡು ದಿಟ್ಟಿಸುತ್ತಾ ಕೂತಾಗ ಬರುವುದಿಲ್ಲ.

ಇದೇ ಜರಡಿಗೆ ಪತ್ರಿಕೆಯೂ ಸಹಾಯ ಮಾಡುತ್ತದೆ. ಪ್ರತಿದಿನದ ಆಟಕ್ಕೆ ಒಂದು ಸುಳಿವಿನ ಪುಟ ಇರುತ್ತದೆ. ಯಾವ ಅಕ್ಷರದಿಂದ ಶುರುವಾಗುವ, ಎಷ್ಟು ಉದ್ದದ ಪದಗಳು ಎಷ್ಟಿವೆ ಎಂಬ ಕೋಷ್ಟಕ ಅದರಲ್ಲಿ ಸಿಗುತ್ತದೆ. ಮೊದಲ ಎರಡಕ್ಷರಗಳ ಪಟ್ಟಿಯೂ ಇರುತ್ತದೆ. ಇದನ್ನು ನೋಡುವುದು ಮೋಸ ಅಂತ ಕೆಲವರು ವಾದಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅದು ಉತ್ತರ ಹೇಳುವುದಿಲ್ಲ, ಎಲ್ಲಿ ಅಗೆಯಬೇಕು ಎಂದಷ್ಟೇ ಹೇಳುತ್ತದೆ. ಆದರೆ ಶುರುವಿನಲ್ಲೇ ತೆರೆಯಬೇಡಿ. ನಿಮ್ಮ ಸ್ವಂತ ಜರಡಿ ಒಂದು ಸುತ್ತು ಮುಗಿದ ಮೇಲೆ ತೆರೆದರೆ ಅದರ ಉಪಯೋಗವೂ ಜಾಸ್ತಿ, ಆಟದ ಖುಷಿಯೂ ಉಳಿಯುತ್ತದೆ.

ಕಣ್ಣು ತಪ್ಪಿಸುವ ಪದಗಳು

ಬಿಟ್ಟುಹೋಗುವ ಪದಗಳಿಗೂ ಒಂದು ಚಹರೆ ಇದೆ. ಸ್ವಲ್ಪ ದಿನ ಗಮನಿಸಿದರೆ ಅವೇ ಮೂರು ನಾಲ್ಕು ಬಗೆಗಳು ಕಾಣುತ್ತವೆ.

ಮೊದಲನೆಯದು ಜೋಡಿ ಅಕ್ಷರದವು. ಗೂಡಿನಲ್ಲಿ ಪ್ರತಿ ಅಕ್ಷರವೂ ಒಂದೇ ಸಲ ಬರೆದಿರುತ್ತದೆ. ನಿಯಮ ಗೊತ್ತಿದ್ದರೂ ಕಣ್ಣು ಅದನ್ನು ಒಂದೇ ಅಂತಲೇ ಲೆಕ್ಕ ಹಾಕುತ್ತದೆ. ‘ಡ್ಯಾಗರ್’ನಲ್ಲಿ ಎರಡು ಜಿ, ‘ಡಿನ್ನರ್’ನಲ್ಲಿ ಎರಡು ಎನ್, ‘ರಿಡನ್’ನಲ್ಲಿ ಎರಡು ಡಿ. ‘ಡ್ರ್ಯಾಗಿಂಗ್’ನಲ್ಲಿ ಜಿ ಮೂರು ಸಲ. ಇದನ್ನು ಗೆಲ್ಲಲು ಒಂದೊಂದು ಅಕ್ಷರವನ್ನೂ ಬೇಕೆಂದೇ ಜೋಡಿ ಮಾಡಿ ಕೇಳಿಕೊಳ್ಳಿ: ಜಿ-ಜಿ ಇರುವ ಪದ ಯಾವುದು? ಡಿ-ಡಿ ಇರುವುದು? ಇ-ಇ?

ಇದರ ಪಕ್ಕದಲ್ಲೇ ಇರುವುದು ಎರಡು ಮೂರೇ ಅಕ್ಷರಗಳಲ್ಲಿ ಮುಗಿಯುವ ಪದಗಳು. ‘ಡೆಡ್’, ‘ಡೀಡ್’, ‘ಆ್ಯಡೆಡ್’. ಎದುರಿಗೆ ಏಳು ಅಕ್ಷರ ಇರುವಾಗ ಮನಸ್ಸು ಆದಷ್ಟು ಬೇರೆ ಬೇರೆಯವನ್ನು ಬಳಸಲು ಹೋಗುತ್ತದೆ, ಒಂದನ್ನೇ ಮತ್ತೆ ಮತ್ತೆ ಒತ್ತಲು ಹೋಗುವುದಿಲ್ಲ. ಕ್ವೀನ್ ಬೀ ತಪ್ಪುವುದು ಬಹಳ ಸಲ ಇಂಥ ಪುಟ್ಟ ಪದಗಳಿಂದಲೇ.

ಮೂರನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಕನ್ನಡ ಓದಿ ಬೆಳೆದ ನಮಗೆ ಇದು ವಿಶೇಷವಾಗಿ ಕಾಡುತ್ತದೆ. ನಮ್ಮ ಲಿಪಿಯಲ್ಲಿ ಬರೆದದ್ದನ್ನೇ ಓದುತ್ತೇವೆ. ಹಾಗಾಗಿ ಇಂಗ್ಲಿಷ್ ಪದವನ್ನೂ ಸದ್ದಿನಿಂದಲೇ ಹುಡುಕುವ ಅಭ್ಯಾಸ ಇದೆ. ‘ರೇನ್ಡ್’ ಎಂಬ ಸದ್ದು ಹೊಳೆಯಿತು ಅನ್ನಿ. ಮಳೆ ಸುರಿದದ್ದು ಎಂಬ ಅರ್ಥದ ಪದ ಬರೆದು ಮುಂದೆ ಹೋಗುತ್ತೇವೆ. ಆದರೆ ಅದೇ ಸದ್ದಿಗೆ ಇನ್ನೂ ಎರಡು ಪದ ಈ ಗೂಡಿನಲ್ಲೇ ಇವೆ. ಆರ್-ಇ-ಐ-ಜಿ-ಎನ್-ಇ-ಡಿ, ರಾಜ್ಯ ಆಳಿದ್ದು. ಆರ್-ಇ-ಐ-ಎನ್-ಇ-ಡಿ, ಲಗಾಮು ಹಾಕಿದ್ದು. ಒಂದು ಸದ್ದು, ಮೂರು ಪದ, ಮೂರಕ್ಕೂ ಅಂಕ. ‘ರೀಡ್’ ಕೂಡ ಹಾಗೆಯೇ: ನಡುವೆ ಇ-ಎ ಬಂದರೆ ಓದು, ಇ-ಇ ಬಂದರೆ ಜೊಂಡು. ‘ಡಿಯರ್’ನಲ್ಲೂ ಎರಡು, ಪ್ರೀತಿಯದು ಒಂದು, ಜಿಂಕೆ ಇನ್ನೊಂದು. ಸದ್ದಾಗದ ಅಕ್ಷರಗಳ ಕತೆಯೂ ಇದೇ. ಡಿ-ಇ-ಐ-ಜಿ-ಎನ್ ಎಂಬ ಪದವನ್ನು ‘ಡೇನ್’ ಎಂದು ಓದುತ್ತಾರೆ. ಸದ್ದಿನ ದಾರಿಯಲ್ಲಿ ಹೋದರೆ ಅಲ್ಲಿರುವ ಜಿ ಎಂದಿಗೂ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಪದ ಸಿಕ್ಕಿದಾಗ ಅದರ ಸದ್ದನ್ನು ಇನ್ನೊಮ್ಮೆ ಹೇಳಿಕೊಂಡು, ‘ಇದೇ ಸದ್ದಿಗೆ ಬೇರೆ ಸ್ಪೆಲಿಂಗ್ ಇದೆಯಾ?’ ಎಂದು ಕೇಳಿಕೊಳ್ಳುವುದು ನಮಗೆ ಬಹಳ ಲಾಭದ ಅಭ್ಯಾಸ.

ಕೊನೆಯ ಬಗೆ, ಎರಡು ಪದ ಕೂಡಿ ಒಂದಾದವು. ‘ಬ್ಯಾಕ್‌ಪ್ಯಾಕ್’ ಥರದ್ದು. ಬಿ, ಎ, ಸಿ, ಕೆ, ಪಿ ಇರುವ ಗೂಡಿನಲ್ಲಿ ‘ಬ್ಯಾಕ್’ ಬರೆದವರು, ‘ಪ್ಯಾಕ್’ ಬರೆದವರು ಎರಡನ್ನೂ ಜೋಡಿಸದೆ ಹೋಗುವುದು ಸಾಮಾನ್ಯ. ಸಿಕ್ಕ ಪುಟ್ಟ ಪದಗಳ ಪಟ್ಟಿಯನ್ನು ಕೊನೆಗೊಮ್ಮೆ ಓದಿ, ಒಂದಕ್ಕೊಂದು ಅಂಟಿಸಿ ನೋಡಿ.

ಬಾಲಗಳೇ ಇಲ್ಲದ ದಿನ

ನಮ್ಮ ಉದಾಹರಣೆಯ ಗೂಡು ಉದಾರಿ. ಎಲ್ಲ ದಿನವೂ ಹೀಗಿರುವುದಿಲ್ಲ. ಇ-ಡಿ ಇಲ್ಲ, ಐ-ಎನ್-ಜಿ ಇಲ್ಲ, ಸ್ವರ ಒಂದೇ ಒಂದು, ಇಂಥ ದಿನಗಳೂ ಬರುತ್ತವೆ. ಆಗ ಜೊತೆಜೊತೆಯಾಗಿ ಓಡಾಡುವ ವ್ಯಂಜನಗಳನ್ನು ಹಿಡಿಯಿರಿ. ಟಿ-ಎಚ್, ಸಿ-ಎಚ್, ಪಿ-ಎಚ್, ಸಿ-ಕೆ. ಇವುಗಳಲ್ಲಿ ಸಿ-ಕೆ ಪದದ ಶುರುವಿನಲ್ಲಿ ಬರುವುದೇ ಇಲ್ಲ, ಟಿ-ಎಚ್ ಮತ್ತು ಸಿ-ಎಚ್ ಎರಡೂ ತುದಿಯಲ್ಲಿ ಬರುತ್ತವೆ. ಗೂಡಿನಲ್ಲಿ ವೈ ಇದ್ದರೆ ಅದು ಸ್ವರದ ಕೆಲಸವನ್ನೂ ಮಾಡುತ್ತದೆ, ಮುಖ್ಯವಾಗಿ ಪದದ ಕೊನೆಯಲ್ಲಿ. ಎಲ್ ಜೊತೆಗಿದ್ದರಂತೂ ಎಲ್-ವೈ ಬಾಲ ಸಿಕ್ಕಿತು, ‘ಲೋಕಲಿ’ ಥರದ ಪದಗಳಿಗೆ ದಾರಿ ಆಯಿತು. ಯು ಮತ್ತು ಎನ್ ಒಟ್ಟಿಗೆ ಬಂದರೆ ವಿರುದ್ಧಾರ್ಥದ ‘ಅನ್’ ತಲೆಗೆ ಏನೇನು ಅಂಟುತ್ತದೆ ನೋಡಿ.

ಪಟ್ಟಿಯಲ್ಲಿ ಯಾವ ಪದ ಇರಬೇಕು ಎಂದು ತೀರ್ಮಾನಿಸುವುದು ಸಂಪಾದಕರು. ತೀರಾ ಅಪರೂಪದ, ಒಂದೇ ವೃತ್ತಿಯವರು ಬಳಸುವ ಪದಗಳನ್ನು, ಅಶ್ಲೀಲ ಪದಗಳನ್ನು ಕೈಬಿಡುತ್ತಾರೆ. ಯಾವುದು ಅಪರೂಪ ಅನ್ನುವುದರಲ್ಲಿ ಭಿನ್ನಾಭಿಪ್ರಾಯ ಸಹಜ. ಡಿಕ್ಷನರಿಯಲ್ಲಿರುವ ಪದವನ್ನು ಆಟ ಒಪ್ಪದಿದ್ದರೆ ಬೇಜಾರಾಗುವುದು ನಿಜ, ಆದರೆ ಅಲ್ಲೇ ಸಿಕ್ಕಿಹಾಕಿಕೊಳ್ಳಬೇಡಿ. ನಮ್ಮ ಗೂಡಿನಲ್ಲಿ ‘ಇಂಡಿಯಾ’ ಎಂದು ಒತ್ತಿದರೂ ಒಪ್ಪುವುದಿಲ್ಲ, ಅದು ದೇಶದ ಹೆಸರು.

ಕೈಬಿಡುವುದೂ ಒಂದು ತಂತ್ರ

ಹತ್ತು ನಿಮಿಷ ಕಳೆದರೂ ಹೊಸದೇನೂ ಹೊಳೆಯುತ್ತಿಲ್ಲ, ಬರೆದ ಪದಗಳೇ ಮತ್ತೆ ಮತ್ತೆ ಬರುತ್ತಿವೆ. ಇದಕ್ಕೂ ಕಾರಣ ಇದೆ. ಒಂದು ದಾರಿ ಕೆಲಸ ಮಾಡಿದರೆ ಮನಸ್ಸು ಅದನ್ನೇ ಹಿಡಿದುಕೊಂಡು ಬೇರೆ ದಾರಿಗೆ ಕುರುಡಾಗುತ್ತದೆ. ಅಬ್ರಹಾಂ ಲೂಚಿನ್ಸ್ ಎಂಬ ಮನೋವಿಜ್ಞಾನಿ 1942ರಲ್ಲಿ ನೀರಿನ ಜಾಡಿಗಳ ಲೆಕ್ಕ ಕೊಟ್ಟು ಇದನ್ನು ತೋರಿಸಿದರು. ಮೊದಲ ಕೆಲವು ಲೆಕ್ಕಗಳು ಉದ್ದದ ಒಂದೇ ವಿಧಾನದಿಂದ ಬಿಡಿಸುವಂಥವು. ಅದನ್ನು ಕಲಿತವರು ಆಮೇಲೆ ಬಂದ ಸುಲಭದ ಲೆಕ್ಕವನ್ನೂ ಅದೇ ಉದ್ದದ ವಿಧಾನದಲ್ಲಿ ಬಿಡಿಸುತ್ತಾ ಹೋದರು. ಸಲೀಸಾದ ದಾರಿ ಎದುರಿಗಿದ್ದರೂ ಬಹಳ ಜನರಿಗೆ ಕಾಣಲಿಲ್ಲ.

ಪದದಾಟದಲ್ಲಿ ಆಗುವುದೂ ಇದೇ. ಗೂಡಿನಲ್ಲಿ ಜಿ ಪಕ್ಕ ಆರ್ ಇದ್ದರೆ ಜಿ-ಆರ್ ಪದಗಳೇ ಕಾಣುತ್ತಿರುತ್ತವೆ. ಆಟದಲ್ಲಿ ಅಕ್ಷರಗಳನ್ನು ಕಲಕುವ ಬಟನ್ ಕೊಟ್ಟಿರುವುದು ಇದಕ್ಕೇ. ಅದನ್ನು ಒತ್ತಿದರೆ ಸುತ್ತಿನ ಆರು ಅಕ್ಷರಗಳ ಜಾಗ ಬದಲಾಗುತ್ತದೆ, ಹೊಸ ನೆರೆಹೊರೆ ಬರುತ್ತದೆ, ಹೊಸ ಪದ ಕಾಣುತ್ತದೆ. ಜಿಪುಣತನ ಮಾಡದೆ ಒತ್ತಿ. ಕಾಗದದ ಮೇಲೆ ಬರೆದು ನೋಡುವುದೂ ಅಷ್ಟೇ ಒಳ್ಳೆಯದು, ಅಲ್ಲಿ ಅಕ್ಷರಗಳನ್ನು ಸಾಲಾಗಿ, ಸ್ವರ ಬೇರೆ, ವ್ಯಂಜನ ಬೇರೆ ಮಾಡಿ ಬರೆಯಬಹುದು.

ಅದೂ ಫಲಿಸದಿದ್ದರೆ ಎದ್ದು ಹೋಗಿ. ಗ್ರಹಾಂ ವಾಲಸ್ ಎಂಬುವರು 1926ರಷ್ಟು ಹಿಂದೆಯೇ ಯೋಚನೆಯ ನಾಲ್ಕು ಹಂತ ಗುರುತಿಸಿದ್ದರು: ತಯಾರಿ, ಕಾವು ಕೊಡುವುದು, ಹೊಳೆಯುವುದು, ಪರೀಕ್ಷಿಸುವುದು. ಎರಡನೆಯ ಹಂತದಲ್ಲಿ ಸಮಸ್ಯೆಯನ್ನು ಬಿಟ್ಟು ಬೇರೆ ಕೆಲಸದಲ್ಲಿರುತ್ತೇವೆ. ಬಿಟ್ಟು ಬಂದ ಮೇಲೆ ಹಳೆಯ ಪದಗಳ ಹಿಡಿತ ಸಡಿಲವಾಗುತ್ತದೆ. ಬೆಳಿಗ್ಗೆ ಕಾಣದ ಪದ ಮಧ್ಯಾಹ್ನ ಮೊದಲ ನೋಟಕ್ಕೇ ಸಿಗುವುದು ಹೀಗೆ. ಆಟ ಇಡೀ ದಿನ ತೆರೆದಿರುತ್ತದೆ, ಒಂದೇ ಸಲ ಕೂತು ಮುಗಿಸಬೇಕೆಂಬ ನಿಯಮ ಇಲ್ಲ. ಬಿಡುವು ಕೊಟ್ಟು ಎರಡು ಮೂರು ಸಲ ಆಡುವುದೇ ಒಳ್ಳೆಯದು. ಆದರೆ ಮೊದಲ ಸಲ ಚೆನ್ನಾಗಿ ಹುಡುಕಿರಬೇಕು. ವಾಲಸ್ ಹೇಳಿದ ಕ್ರಮದಲ್ಲಿ ತಯಾರಿ ಮೊದಲು ಬರುತ್ತದೆ, ಕಾವು ಆಮೇಲೆ.

ಇನ್ನು ದಿನ ಮುಗಿದ ಮೇಲೆ ಉತ್ತರದ ಪಟ್ಟಿ ನೋಡುವ ಬಗೆ. ಹೆಚ್ಚಿನವರು ಬಿಟ್ಟುಹೋದ ಪದ ಓದಿ, ಹಣೆ ಚಚ್ಚಿಕೊಂಡು, ಮುಚ್ಚಿಬಿಡುತ್ತಾರೆ. ಅದರ ಬದಲು ಪ್ರತಿ ಪದದ ಪಕ್ಕ ಯಾಕೆ ತಪ್ಪಿತು ಎಂದು ಒಂದು ಗುರುತು ಹಾಕಿ. ಜೋಡಿ ಅಕ್ಷರ ಇತ್ತಾ? ನಡುವಿನ ಅಕ್ಷರ ಕೊನೆಯಲ್ಲಿತ್ತಾ? ಸದ್ದು ದಾರಿ ತಪ್ಪಿಸಿತಾ? ಸಿಕ್ಕ ಪದಕ್ಕೇ ಬಾಲ ಅಂಟಿಸಲು ಮರೆತಿರಾ? ಅಥವಾ ಪದವೇ ಗೊತ್ತಿರಲಿಲ್ಲವಾ? ಗೊತ್ತಿಲ್ಲದವನ್ನು ಬೇರೆ ಬರೆದಿಡಿ. ಒಂದೇ ಥರದ ಅಕ್ಷರಗಳು ಮತ್ತೆ ಮತ್ತೆ ಬರುವುದರಿಂದ ಅವೇ ಪದಗಳೂ ಮತ್ತೆ ಬರುತ್ತವೆ. ಉಳಿದ ಗುರುತುಗಳಲ್ಲಿ ಒಂದು ಮಾತ್ರ ಎದ್ದು ಕಾಣುವಷ್ಟು ಜಾಸ್ತಿ ಇದ್ದರೆ, ಮರುದಿನದ ಗೂಡು ತೆರೆದಾಗ ಆ ಪ್ರಶ್ನೆಯನ್ನೇ ಮೊದಲು ಕೇಳಿ.